ಬಿ ಗುಂಪಿನ ಅತ್ತೆ

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಆಮೇಲೆ ಕೇಳುತ್ತಿದ್ದರು. ಮೊದಲು ಕೇಳುತ್ತಿದ್ದದ್ದು ರಕ್ತದ ಗುಂಪು. ಇದೆಲ್ಲ ಅಜ್ಜನ ತಮ್ಮ, ನಮ್ಮ ಕಂಪೌಂಡರ್ ಚಿಕ್ಕಜ್ಜನ ಕೃಪೆ. ನಲವತ್ತು ವಯಸ್ಸಿನ ಆಸುಪಾಸಿನಲ್ಲಿ ಅಜ್ಜನ ಕೈ ನಡುಗತೊಡಗಿತು, ನಡಿಗೆ ತೂರಾಡಿತು, ಕೊನೆಗೆ ಮಾತೂ ಹಿಡಿತ ತಪ್ಪಿತು. ಅಜ್ಜನ ಅಕ್ಕನಿಗೂ ಹಾಗೇ ಆಯಿತು, ದೊಡ್ಡಪ್ಪನಿಗೂ ಆಯಿತು. ಮೂವರದೂ ಬಿ ಗುಂಪು ಎಂಬುದನ್ನು ಚಿಕ್ಕಜ್ಜ ಪತ್ತೆಹಚ್ಚಿದರು. "ಬಿ ಇದ್ದೋರಿಗೆ ಇದು ಬಂದೇ ಬರುತ್ತೆ, ಬರೆದಿಟ್ಕೊಳ್ಳಿ," ಎಂದರು. ಅವರನ್ನು ಅಳಲೆಕಾಯಿ ಪಂಡಿತ ಎಂದು ಬೈದು ಸುಮ್ಮನಾಗುವ ಆಸೆ ನನಗೆ. ಆದರೆ ಆಮೇಲೆ ಬಿ ಗುಂಪಿನ ನನ್ನಪ್ಪನೂ ಅದೇ ದಾರಿಯಲ್ಲಿ ಹೋದರು.

ನನ್ನದು ಓ ಗುಂಪು. ಬೀಸುವ ದೊಣ್ಣೆ ತಪ್ಪಿತು ಎಂದು ಎಲ್ಲರಿಗೂ ಸಮಾಧಾನ. ಅಪ್ಪನ ತಂಗಿ, ನನ್ನತ್ತೆಯದು ಬಿ.

ಅತ್ತೆ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಕಟಿಂಗ್ ಮಾಸ್ಟರ್ ಅವಳನ್ನು ಮದುವೆಯಾಗುತ್ತೇನೆಂದು ಕೇಳಿದಾಗ, ಇಷ್ಟವಿದ್ದೂ ಒಲ್ಲೆನೆಂದಳು.

"ಇವತ್ತಲ್ಲ ನಾಳೆ ಕೈ ನಡುಗೋಳನ್ನ ಕಟ್ಕೊಂಡು ಏನ್ ಮಾಡ್ತೀರಿ? ಮಕ್ಕಳಾದ್ರೆ ಅವಕ್ಕೂ ಇದೇ ಗತಿ."

ಅವರು ವರ್ಷಗಟ್ಟಲೆ ಕಾದು, ಬೇರೆಯವರನ್ನು ಮದುವೆಯಾದರು. ಮದುಮಗಳ ಬಟ್ಟೆ ಹೊಲಿದವಳು ಅತ್ತೆಯೇ. ಆದರೆ ಒಂದನ್ನು ಮಾತ್ರ ಮಾಸ್ಟರ್ ಬಿಡಲಿಲ್ಲ. ಮೇಲಿನ ಹಲಗೆಯಿಂದ ಬಟ್ಟೆಯ ಸುರುಳಿ ಇಳಿಸಬೇಕಾದಾಗ ಅವಳನ್ನು ಸ್ಟೂಲ್ ಹತ್ತಗೊಡುತ್ತಿರಲಿಲ್ಲ. "ಇರಿ ಇರಿ, ನೀವು ಹತ್ಬೇಡಿ," ಎಂದು ಕತ್ತರಿ ಕೆಳಗಿಟ್ಟು ತಾವೇ ಹತ್ತುತ್ತಿದ್ದರು.

ಬೆಳಿಗ್ಗೆ ಎದ್ದು ಅತ್ತೆ ಮೊದಲು ಮಾಡುತ್ತಿದ್ದ ಕೆಲಸ ಸೂಜಿಗೆ ದಾರ ಪೋಣಿಸುವುದು. ಒಂದೇ ಸಲಕ್ಕೆ ಹೋದರೆ ಆ ದಿನ ಅವಳದು. ಹೀಗೆ ದಿನ ಎಣಿಸಿಕೊಂಡೇ ಅರವತ್ತು ದಾಟಿದಳು. ಕನ್ನಡಕ ಬಂತು, ನಡುಕ ಬರಲಿಲ್ಲ. "ತಡವಾಗಿಯಾದ್ರೂ ಬರುತ್ತೆ," ಎಂದು ನೆಂಟರು ಭರವಸೆ ಕೊಡುತ್ತಿದ್ದರು! ಇಂಥ ನೆಂಟರಿದ್ದರೆ ಕಾಯಿಲೆ ಬೇರೆ ಬೇಕೆ?

ನನ್ನ ಮದುವೆ ನಿಶ್ಚಯವಾದ ವರ್ಷ, ವಂಶದ ಕಾಯಿಲೆಗಳನ್ನು ಅಭ್ಯಾಸ ಮಾಡುವ ಡಾಕ್ಟರಮ್ಮನೊಬ್ಬರು ನಮ್ಮ ಮನೆಯವರೆಲ್ಲರ ರಕ್ತ ತೆಗೆದುಕೊಂಡರು. ಕೆಲವು ತಿಂಗಳ ನಂತರ ಅತ್ತೆಯನ್ನೂ ನನ್ನನ್ನೂ ಕರೆಸಿದರು. ಕಿಟಕಿಯಿಲ್ಲದ ಸಣ್ಣ ಕೋಣೆ, ಮೂರು ಕುರ್ಚಿ. ಅತ್ತೆಯ ಚೀಲದಿಂದ ಸಾಲಾಗಿ ಗುಂಡಿ ಹೊಲಿದ ಬಟ್ಟೆಯ ಪಟ್ಟಿಯೊಂದು ಇಣುಕುತ್ತಿತ್ತು. ಡಾಕ್ಟರಮ್ಮ ಅದನ್ನೇ ಕೇಳಿ ತೆಗೆದುಕೊಂಡರು.

"ಈ ಗುಂಡಿ ಬಿ ಗುಂಪು, ಪಕ್ಕದ್ದು ಕಾಯಿಲೆ ಅಂತಿಟ್ಕೊಳ್ಳಿ. ಅಪ್ಪನ ಹತ್ರ ಇಂಥ ಎರಡು ಪಟ್ಟಿ ಇರುತ್ತೆ, ಒಂದರಲ್ಲಿ ಮಾತ್ರ ಈ ಎರಡು ಗುಂಡಿ. ಮಗುವಿಗೆ ಕೊಡೋವಾಗ ಎರಡೂ ಅಲ್ಲಲ್ಲಿ ತುಂಡಾಗಿ ಅದಲುಬದಲಾಗಿ ಸೇರ್ಕೊಳ್ಳುತ್ತೆ. ಪಕ್ಕಪಕ್ಕದ ಗುಂಡಿಗಳು ಸಾಮಾನ್ಯವಾಗಿ ಒಟ್ಟಿಗೇ ಹೋಗುತ್ತೆ. ನಿಮ್ಮ ಚಿಕ್ಕಪ್ಪ ಕಂಡದ್ದು ಅದನ್ನೇ. ಆದ್ರೆ ನಿಮಗೆ ಬರೋವಾಗ ಕತ್ತರಿ ಸರಿಯಾಗಿ ಇವೆರಡರ ನಡುವೆ ಬಿದ್ದಿದೆ. ಬಿ ಬಂತು, ಕಾಯಿಲೆಯೂ ಅದರಾಚೆಯ ಗುಂಡಿಗಳೂ ಬರಲಿಲ್ಲ. ಇನ್ನು ಬರೋದೂ ಇಲ್ಲ."

ಅತ್ತೆ ಪಟ್ಟಿಯನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಮೆಲ್ಲಗೆ ಮುಂದುವರಿಸಿದರು: "ಕತ್ತರಿ ಎಲ್ಲಿ ಬಿತ್ತು ಅನ್ನೋದು ನಿಮ್ಮಿಂದ ತಿಳೀತು. ಹಾಗಾಗಿ ಕಾಯಿಲೆಯ ಜೀನ್ ಹುಡುಕಬೇಕಾದ ಜಾಗ ತುಂಬ ಚಿಕ್ಕದಾಯ್ತು."

ಅತ್ತೆ ಥಟ್ಟನೆ ತಲೆಯೆತ್ತಿದಳು. "ಹಾಗಾದ್ರೆ ಬಿ ಬರದೆ ಕಾಯಿಲೆ ಮಾತ್ರ ಬರೋದೂ ಉಂಟಾ? ಇವಳಿಗೆ?"

ಅಷ್ಟು ವರ್ಷ ಓ ಗುಂಪನ್ನು ನೆಚ್ಚಿ ನಿದ್ದೆ ಮಾಡಿದವಳು ನಾನು.

"ಅಪರೂಪಕ್ಕೆ ಉಂಟು. ಅದಕ್ಕೇ ಇವರ ಪಟ್ಟಿಯಲ್ಲೂ ಆ ಆಚೆಯ ಗುಂಡಿಗಳನ್ನ ನೋಡಿದೆ. ಇಲ್ಲ, ಇವರಿಗೂ ಇಲ್ಲ."

ಆಗ ಅತ್ತೆ ಅತ್ತಳು. ತನ್ನ ಸುದ್ದಿಗೆ ಬಾರದ ಕಣ್ಣೀರು ನನ್ನ ಸುದ್ದಿಗೆ ಬಂತು.

ಹೊರಗೆ ಬಸ್ಸಿಗೆ ಕಾಯುತ್ತ ನಾನು, "ಮಾಸ್ಟರಿಗೆ ಹೇಳೋಣ ಅತ್ತೆ, ಖುಷಿಪಡ್ತಾರೆ," ಎಂದೆ.

"ಬೇಡ ಕಣೇ. ರಕ್ತದಲ್ಲಿ ಕಾಯಿಲೆ ಇತ್ತು, ಅದಕ್ಕೇ ಒಲ್ಲೆ ಅಂದ್ಲು ಅಂತ ಅವರು ನೆಮ್ಮದಿಯಾಗಿದ್ದಾರೆ. ಎಲ್ಲಾ ಸುಮ್ಮಸುಮ್ಮನೆ ಹೋಯ್ತು ಅಂತ ಈಗ ಯಾಕೆ ಗೊತ್ತಾಗ್ಬೇಕು? ಅದು ನನಗೊಬ್ಬಳಿಗೆ ಸಾಕು."

ಮರುದಿನ ನನ್ನ ಮದುವೆಯ ಬಟ್ಟೆಗೆ ಅಳತೆ ಕೊಡಲು ಅಂಗಡಿಗೆ ಹೋದೆ. ಲೈನಿಂಗ್ ಬಟ್ಟೆಯ ಸುರುಳಿ ಮೇಲಿನ ಹಲಗೆಯಲ್ಲಿತ್ತು. ಅತ್ತೆ ಸ್ಟೂಲ್ ಎಳೆದಳು.

"ಇರಿ ಇರಿ, ನೀವು ಹತ್ಬೇಡಿ," ಎಂದು ಮಾಸ್ಟರ್ ಮಂಡಿ ಹಿಡಿದುಕೊಂಡು ಎದ್ದರು.

ಅತ್ತೆ ಪಕ್ಕಕ್ಕೆ ಸರಿದು, ಅವರು ಹತ್ತುವಾಗ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.