ಬೆಂಡು ಅಂದರೆ ಯಾವ ಬೆಂಡು?

ಬೆರಳ ಮೇಲೆ ಕೂತ ಜೇನುಹುಳವನ್ನು ಸುಂಕಲಮ್ಮ ಉಸಿರು ತಾಗದ ಹಾಗೆ ಪೆಟ್ಟಿಗೆಯ ಬಾಗಿಲಿಗೆ ಇಳಿಸುತ್ತಾರೆ. ಅದು ಒಂದಿಷ್ಟು ತೆವಳಿ ನಿಲ್ಲುತ್ತದೆ.

"ಹಾರು ನನ್ನವ್ವ, ಹಾರು."

ಹಾರುವುದಿಲ್ಲ. ಕೊಕ್ಕನೂರಿನ ಹೊಲಗಳ ಮೇಲೆ ಹೊಳೆ ಕಡೆಯಿಂದ ಬಂದ ಮಂಜು ಇನ್ನೂ ಮಲಗಿದೆ. ಬದುವಿನ ಮೇಲಿನ ಮರದ ಪೆಟ್ಟಿಗೆಗಳು ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತವೆ. ಕಿವಿಯಿಟ್ಟರೆ, ಒಳಗೆ ಯಾರೋ ನಿದ್ದೆಯಲ್ಲೇ ಗುನುಗುತ್ತಿರುವಂಥ ಸದ್ದು.

"ಸದ್ದು ತೆಳ್ಳಗಾಗೈತ್ರಿ. ಮೊದ್ಲು ಎದಿಗೆ ಬಡೀತಿತ್ತು," ಎನ್ನುತ್ತಾರೆ ಸುಂಕಲಮ್ಮ.

ಸುಂಕಲಮ್ಮನವರ ಕಸುಬು ಜೇನನ್ನು ಬಾಡಿಗೆಗೆ ಕೊಡುವುದು. ಹರಿಹರದ ಸುತ್ತ ಸೂರ್ಯಕಾಂತಿ, ಸೌತೆ ಹೂವಿಗೆ ಬಂದಾಗ ಪೆಟ್ಟಿಗೆ ಹೊತ್ತು ಹೋಗಿ ಹೊಲದಲ್ಲಿಟ್ಟು ಬರುತ್ತಾರೆ. ಹೊತ್ತು ಮುಳುಗಿದ ಮೇಲೆ ಮಾತ್ರ ಪೆಟ್ಟಿಗೆ ಕದಲಿಸಬೇಕು. ಇಲ್ಲದಿದ್ದರೆ ಮೇಯಲು ಹೋದವು ಮರಳಿ ಬಂದು ಮನೆ ಕಾಣದೆ ಅಲೆಯುತ್ತವೆ. ಕಾಯಿ ಚೆನ್ನಾಗಿ ಕಚ್ಚಿದರೆ ಜನ ಜೇನನ್ನಲ್ಲ, ಗೊಬ್ಬರವನ್ನು ಹೊಗಳುತ್ತಾರೆ.

ಇದಕ್ಕೂ ಮೊದಲು ಅವರು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಫ್ಯಾನುಗಳನ್ನು ಡಬ್ಬಿಗೆ ತುಂಬುತ್ತಿದ್ದರು. ತಪ್ಪು ಆಗಿದ್ದು ಅಲ್ಲಿಂದಲೇ. ಹೋದ ಬೇಸಿಗೆಯಲ್ಲಿ ಜೇನು ಕುಡಿಯಲೆಂದು ಇಟ್ಟ ತಟ್ಟೆಯ ನೀರಿಗೆ ಬಿದ್ದು ಸಾಯುತ್ತಿದ್ದವು. ಮಾವ ಕುಬೇರಪ್ಪ, "ನೀರಿಗೆ ಬೆಂಡು ಹಾಕವ್ವ, ಕೂತು ಕುಡೀತಾವೆ" ಅಂದರು. ಮಾವನ ಬೆಂಡು ಜೋಳದ ದಂಟಿನ ತಿರುಳು. ಸೊಸೆಯ ಬೆಂಡು ಫ್ಯಾನಿನ ಡಬ್ಬಿಯ ಬಿಳಿ ಥರ್ಮಾಕೋಲು. ಕರೂರಿನಲ್ಲಿ ಜೊತೆಗೆ ದುಡಿಯುವವರೆಲ್ಲ ಅದನ್ನು ಬೆಂಡು ಅಂತಲೇ ಕರೆಯುತ್ತಿದ್ದರು. ಜೇನು ಅದರ ಮೇಲೆ ಕೂತವು, ಕುಡಿದವು, ಕಚ್ಚಿದವು ಕೂಡ.

"ಬಿಳಿ ಚೂರು ಅಕ್ಕಿ ನುಚ್ಚಿನಂಗೆ ಪೆಟ್ಟಿಗಿ ಬಾಗ್ಲಾಗೆ ಬಿದ್ದಿರ್ತಿತ್ತು. ಹೊಸ ಮೇಣ ಅಂತ ಕುಣಿದಾಡಿದ್ನಲ್ರಿ!"

"ನಾನೇನು ಡಬ್ಬಿ ಬೆಂಡು ಅಂದ್ನಾ?" ಬದುವಿನ ಮೇಲೆ ಕೂತ ಕುಬೇರಪ್ಪ ಕೆಣಕುತ್ತಾರೆ.

"ಯಾವ ಬೆಂಡು ಅಂತಾನೂ ಅನ್ಲಿಲ್ಲ ನೀವು, ಮಾವಾ."

ಏಳು ಪೆಟ್ಟಿಗೆಗಳಲ್ಲಿ ಈಗ ಉಳಿದಿರುವುದು ಮೂರು. ದಾವಣಗೆರೆಯ ಸರಸ್ವತಿ ನಗರದಲ್ಲಿರುವ ಸಂಶೋಧಕಿ ಸ್ನೇಹಾ ಸತ್ತ ಹುಳಗಳನ್ನು ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊಟ್ಟೆಯೊಳಗೆ ಬಿಳಿ ಚೂರುಗಳಿದ್ದವು. ಥರ್ಮಾಕೋಲಿನದಲ್ಲದ ಕಪ್ಪು ಎಳೆಗಳೂ ಇದ್ದವು. "ಇವು ಹೊಟ್ಟೆ ಸೇರಿದರೆ ಅರಗುವುದು ಕೆಡಬಹುದು, ರೋಗ ತಡೆಯುವ ಶಕ್ತಿ ಕುಗ್ಗಬಹುದು. ಇವೇ ಕೊಂದವು ಅಂತ ಮಾತ್ರ ಈಗಲೇ ಹೇಳಲಾರೆ," ಎನ್ನುತ್ತಾರೆ ಅವರು. ಕಪ್ಪು ಎಳೆಗಳು ಕಳೆ ಬಾರದಂತೆ ಹೊಲಕ್ಕೆ ಹಾಸುವ ಪ್ಲಾಸ್ಟಿಕ್ ಶೀಟಿನವು ಇರಬಹುದು ಎಂಬುದು ಅವರ ಅನುಮಾನ.

ಈಗ ಮಣ್ಣಿನ ತಟ್ಟೆಗಳಲ್ಲಿ ದಂಟಿನ ಬೆಂಡು ತೇಲುತ್ತದೆ. ಈ ಮೂರೂ ಹೋದರೆ ಸುಂಕಲಮ್ಮ ಮತ್ತೆ ಕರೂರಿನ ಬಸ್ಸು ಹತ್ತಬೇಕು.

ಮಂಜಿನೊಳಗಿಂದ ಬೈಕೊಂದು ಬಂದು ನಿಲ್ಲುತ್ತದೆ. ಊರಿನ ದೊಡ್ಡ ಹಿಡುವಳಿದಾರ ಹಾಲೇಶಪ್ಪ.

"ಕಲ್ಲಂಗಡಿ ಹೂವಿಗೆ ಬಂದೈತೆ ಸುಂಕಲಮ್ಮ. ಇವತ್ತು ಸಂಜಿಗೇ ಪೆಟ್ಟಿಗೆ ತಂದಿಡು."

"ಹೋದ ಬೆಳೆ ಶೀಟು ತೆಗ್ಸಿದ್ರಾ ಗೌಡ್ರೆ?"

"ಅದೆಲ್ಲಿ ತೆಗ್ಸೋದು? ರೋಟಾವೇಟರ್ ಹೊಡೆದು ಉತ್ತಾಗ ಮಣ್ಣಾಗೆ ಪುಡಿ ಆಗೈತೆ."

"ನೀರು ನಿಂತಲ್ಲೆಲ್ಲ ಅದೇ ತೇಲ್ತಿರ್ತೈತೆ. ನನ್ನ ಹುಳ ಅದನ್ನೇ ಕುಡೀಬೇಕು."

"ಥರ್ಮಾಕೋಲು ಉಣ್ಸಿದಾಕಿ, ನನಗೆ ಪಾಠ ಹೇಳ್ತಾಳೆ ನೋಡು!"

ಕುಬೇರಪ್ಪ ಕಿಸಕ್ಕನೆ ನಗುತ್ತಾರೆ. ಸುಂಕಲಮ್ಮನಿಗೂ ನಗು ಬರುತ್ತದೆ. "ಉಣ್ಸಿದ್ದಕ್ಕೇ ಗೊತ್ತಾಗಿದ್ದು ಗೌಡ್ರೆ."

ಹಾಲೇಶಪ್ಪ ದನಿ ತಗ್ಗಿಸುತ್ತಾರೆ. "ಕೇಳಿಲ್ಲಿ ತಂಗಿ. ಇನ್ಮೇಲೆ ನನ್ನ ಎಲ್ಲಾ ಬೆಳೆಗೂ ನಿನ್ನ ಜೇನೇ. ಬೇವಿನ ನೆಳ್ಳು ಐತೆ, ಅಲ್ಲೇ ಕಾಯಂ ಇಡು. ಹೊರೋದೂ ಬ್ಯಾಡ, ಕರೂರಿಗೆ ಹೋಗೋದೂ ಬ್ಯಾಡ. ಟ್ರ್ಯಾಕ್ಟರ್ ಯಾವಾಗ ಕಳಿಸ್ಲಿ?"

ಸುಂಕಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಕಳಿಸಬ್ಯಾಡ್ರಿ. ನಾ ತರಂಗಿಲ್ಲ."