ದೊಡ್ಡಕ್ಷರಕ್ಕೆ ಒಂದು ಬಡಿತ

ಆ ಶನಿವಾರವೂ ಟೀಚರ್ ಎಡಗೈಯ ಕಿರುಬೆರಳು ಮೇಜಿನ ಮೇಲೆ ಟಕ್ ಟಕ್ ಎಂದು ಬೀಳುತ್ತಿತ್ತು. ಉಳಿದ ಬೆರಳುಗಳ ಜೊತೆ ಸೇರದೆ ಹೊರಕ್ಕೆ ಬಾಗಿ ನಿಂತಿದ್ದ ಬೆರಳು ಅದು. ಒಂದು ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಕಾಲದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬಂದಾಗಲೆಲ್ಲ ಶಿಫ್ಟ್ ಕೀ ಒತ್ತಿ ಒತ್ತಿ ಹಾಗಾದದ್ದಂತೆ. ಆ ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಅವರು ಕದ್ರಿಯ ನಮ್ಮ ಐಡಿ ಕಾರ್ಡ್ ಅಂಗಡಿಗೆ ಬಂದರು. ಟೀಚರ್ ಎಂಬ ಹೆಸರೂ ಜೊತೆಗೆ ಬಂತು.

ಶಾಲೆಗಳು ಮಕ್ಕಳ ಹೆಸರನ್ನು ಎಕ್ಸೆಲ್‌ನಲ್ಲಿ ಕಳಿಸುತ್ತವೆ. ಕೆಲವರು ಇಡೀ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಹೊಡೆದಿರುತ್ತಾರೆ, ಕೆಲವರು ಎಲ್ಲವನ್ನೂ ಸಣ್ಣಕ್ಷರದಲ್ಲಿ. ಕಾರ್ಡಿನಲ್ಲಿ ಮಾತ್ರ ಪ್ರತಿ ಪದದ ಮೊದಲಕ್ಷರ ದೊಡ್ಡದು, ಉಳಿದದ್ದು ಸಣ್ಣದು ಇರಬೇಕು. ಟೀಚರ್ ಒಂದೊಂದೇ ಹೆಸರನ್ನು ಹೊಸದಾಗಿ ಹೊಡೆಯುತ್ತಿದ್ದರು. ಪಕ್ಕದ ಖಾಲಿ ಕಾಲಂನಲ್ಲಿ ‘ಪ್ರಾಪರ್’ ಎಂಬ ಫಾರ್ಮುಲಾ ಹಾಕಿ ಕೆಳಗೆ ಎಳೆದರೆ ಎಲ್ಲವೂ ಸರಿಯಾಗುತ್ತದೆ ಎಂದು ನಾನು ತೋರಿಸಿದೆ.

“ಇಷ್ಟೇ ಉಂಟಾ? ಸುಮ್ಮನೆ ಈ ಬೆರಳು ಸವೆಸಿದ್ದು ಮಾರಾಯ!” ಎಂದು ನಕ್ಕರು.

ಒಮ್ಮೆ ‘ಚಿಲ್ಡ್ರನ್ಸ್ ಹೋಮ್’ ಎಂಬಲ್ಲಿ ಕೊನೆಯ ಎಸ್ ಕೂಡ ದೊಡ್ಡದಾಗಿಬಿಟ್ಟಿತು. ಅಪಾಸ್ಟ್ರಫಿಯ ನಂತರದ ಅಕ್ಷರವನ್ನೂ ಆ ಫಾರ್ಮುಲಾ ಪದದ ಆರಂಭ ಎಂದೇ ತಿಳಿಯುತ್ತದೆ. ಟೀಚರ್ ಕನ್ನಡಕ ಸರಿಮಾಡಿಕೊಂಡು, “ಡಿ ಆದ ಮೇಲೆ ಅಪಾಸ್ಟ್ರಫಿ, ಮತ್ತೆ ದೊಡ್ಡ ಎಸ್. ನಮ್ಮ ಡಿಸೋಜರಿಗೆ ಮಾತ್ರ ಇದು ಸರಿ ಮರ್ಯಾದೆ ಕೊಡುವುದು, ನೋಡು” ಎಂದರು.

ಫಾರ್ಮುಲಾ ಬಂದರೂ ಅವರು ತಮ್ಮ ಹಳೆಯ ಪದ್ಧತಿ ಬಿಡಲಿಲ್ಲ. ಶಾಲೆಯ ಪಟ್ಟಿಯ ಪ್ರಿಂಟ್ ಅವರ ಕೈಯಲ್ಲಿ, ಬದಲಿಸಿದ ಕಾಲಂ ನನ್ನ ಸ್ಕ್ರೀನಿನಲ್ಲಿ. ಇಬ್ಬರೂ ಒಟ್ಟಿಗೇ, ಗಟ್ಟಿಯಾಗಿ ಓದಬೇಕು. ದೊಡ್ಡಕ್ಷರ ಇರಬೇಕಾದಲ್ಲೆಲ್ಲ ಅವರ ಕಿರುಬೆರಳು ಬೀಳುತ್ತಿತ್ತು. ಇಬ್ಬರ ಸ್ವರ ಬೇರೆಯಾಯಿತೆಂದರೆ ಅಲ್ಲಿ ತಪ್ಪಿದೆ ಎಂದು ಅರ್ಥ.

ನನಗೆ ಚಿಕ್ಕಂದಿನಿಂದ ಉಗ್ಗು. ಅಮ್ಮ ಹೋದ ಮೇಲೆ ಕಾಟಿಪಳ್ಳದ ಮನೆಯಲ್ಲಿ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಟೀಚರ್ ಸ್ವರದ ಜೊತೆ ಓದುವಾಗ ಒಂದು ಹೆಸರೂ ನನ್ನ ಗಂಟಲಲ್ಲಿ ನಿಲ್ಲುತ್ತಿರಲಿಲ್ಲ. ಅದು ನನಗಿಂತ ಮೊದಲು ಅವರಿಗೆ ಗೊತ್ತಾಯಿತು. ಅವರು ಓದುವುದನ್ನು ದಿನಾ ಸ್ವಲ್ಪ ಹೆಚ್ಚಿಸಿದರು.

ಒಂದು ದಿನ ಅಂಗಡಿಯ ಮಾಲೀಕರು, ನಾವು ಧನಿ ಎಂದು ಕರೆಯುವವರು, ನನ್ನೆದುರೇ, “ಫೋನ್ ತೆಗೀಲಿಕ್ಕೆ ಆಗದವನನ್ನು ಎಂತಕ್ಕೆ ಇಟ್ಟುಕೊಳ್ಳುವುದು ಟೀಚರ್? ಈ ತಿಂಗಳು ನೋಡ್ತೇನೆ, ಅಷ್ಟೇ” ಎಂದರು.

“ನೀವು ಫೋನ್ ತೆಗೆದರೆ ಕಸ್ಟಮರ್ ಓಡಿ ಹೋಗ್ತಾರೆ ಧನಿ. ಇವನು ತೆಗೆದರೆ ಸ್ವಲ್ಪ ಕಾಯ್ತಾರೆ.”

ಮರುದಿನ ಒಂದು ಶಾಲೆಗೆ ಹೆಸರುಗಳನ್ನು ಓದಿ ಖಚಿತ ಮಾಡಿಕೊಳ್ಳಬೇಕಿತ್ತು. ಟೀಚರ್ ಫೋನನ್ನು ನನ್ನ ಕೈಗಿತ್ತು ಪಕ್ಕಕ್ಕೇ ಕುರ್ಚಿ ಎಳೆದುಕೊಂಡರು. “ಓದು ಪುತಾ, ನಾನು ಉಂಟಲ್ಲ.” ಕೊಂಕಣಿಯಲ್ಲಿ ಮಗನನ್ನು ಕರೆಯುವ ಹಾಗೆ ಅವರು ನನ್ನನ್ನು ಕರೆಯುತ್ತಿದ್ದರು. ಫೋನಿಗೆ ಕೇಳಿಸದಷ್ಟು ಮೆಲ್ಲಗೆ ಅವರು ಓದಿದರು, ನಾನು ಅದರ ಮೇಲೆ ಓದಿದೆ. ಪಟ್ಟಿ ಮುಗಿಯಿತು. ನನ್ನ ಕೆಲಸ ಉಳಿಯಿತು. ಆಮೇಲೆ ಫೋನ್ ಬಂದಾಗಲೆಲ್ಲ ಆ ಕುರ್ಚಿ ನನ್ನ ಪಕ್ಕಕ್ಕೆ ಬರುತ್ತಿತ್ತು.

ಆ ಶನಿವಾರ ಒಂದು ತರಗತಿಯ ಹೆಸರುಗಳು ಬಾಕಿಯಿದ್ದವು. “ಸಾಕು, ಉಳಿದದ್ದು ಸೋಮವಾರ ಓದುವ” ಎಂದು ಕೊಡೆ ತೆಗೆದುಕೊಂಡು ತೊಕ್ಕೊಟ್ಟಿನ ಬಸ್ಸಿಗೆ ಹೊರಟರು. ಆದಿತ್ಯವಾರ ಬೆಳಿಗ್ಗೆ ಇಗರ್ಜಿಯ ಪ್ರಾರ್ಥನೆಗೆ ಹೊರಡುವಾಗ ಮನೆಯ ಬಾಗಿಲಲ್ಲೇ ಕುಸಿದರಂತೆ. ಆಸ್ಪತ್ರೆಗೆ ಮುಟ್ಟಲಿಲ್ಲ.

ಮಣ್ಣಾದ ಮರುದಿನ ಅಂಗಡಿ ತೆರೆದಾಗ ಹೆಸರುಗಳು ಬಾಕಿಯಿದ್ದ ಶಾಲೆಯಿಂದ ಫೋನ್ ಬಂತು. ನಾನೇ ತೆಗೆದೆ. “ಟೀಚರ್ ಇಲ್ವಾ?” ಎಂದು ಆ ಕಡೆಯ ಹೆಂಗಸು ಕೇಳಿದರು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಧನಿ ಬರೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿ ಕೂತರು. ಆ ಹೆಂಗಸು ಫೋನ್ ಇಡದೆ ಕಾದರು. ಟೀಚರ್ ತೀರಿಕೊಂಡರು ಎಂದು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

ಬಾಕಿಯಿದ್ದ ತರಗತಿಯನ್ನು ನಾನೊಬ್ಬನೇ ಮಾಡಿದೆ. ಫಾರ್ಮುಲಾ ಹಾಕಿ, ಕೆಳಗೆ ಎಳೆದು, ಎರಡು ಸಲ ಕಣ್ಣಲ್ಲೇ ನೋಡಿ ಪ್ರಿಂಟಿಗೆ ಕೊಟ್ಟೆ. ಕಾರ್ಡುಗಳಲ್ಲಿ ತಪ್ಪೇನೂ ಬರಲಿಲ್ಲ. ಧನಿ ಈಗ ನನ್ನನ್ನು ಕಳಿಸುವ ಮಾತು ಎತ್ತುವುದಿಲ್ಲ. ನನ್ನ ಜೊತೆ ಓದುವವರು ಯಾರೂ ಇಲ್ಲ.