ಪಾದೆಯ ಮೇಲಿನ ಹಲಸಿನ ಹಣ್ಣು

ಏಪ್ರಿಲ್ ಕಳೆಯುವ ಹೊತ್ತಿಗೆ ಮೂಡುಬಿದಿರೆಯ ಪೇಟೆಗೆ ಪಿಕಪ್ ಗಾಡಿಗಳಲ್ಲಿ ಹಲಸಿನ ಹಣ್ಣು ಬರಲು ಶುರುವಾಗುತ್ತದೆ. ಮಾರುವವನು ಒಂದನ್ನು ಅಡ್ಡ ಸೀಳಿ ಗಿರಾಕಿಗಳಿಗೆ ಕಾಣುವಂತೆ ಇಟ್ಟಿರುತ್ತಾನೆ. ಬಸ್ಸುಗಳ ಡೀಸೆಲ್ ಹೊಗೆ, ಮೀನಿನ ಬುಟ್ಟಿ, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಎಲ್ಲವನ್ನೂ ಮೀರಿ ಆ ಪರಿಮಳ ಮೂಗಿಗೆ ಅಡರುತ್ತದೆ. ಊರವರೆಲ್ಲರ ಬಾಯಲ್ಲಿ ನೀರೂರಿದರೆ ನನ್ನ ಬಾಯಿ ಒಣಗುತ್ತದೆ. ಕಾಲು ತಾನಾಗಿ ನಿಲ್ಲುತ್ತದೆ, ಎಲ್ಲಾದರೂ ಬಿದಿರು ಮುರಿದ ಸದ್ದು ಕೇಳೀತೇ ಎಂದು ಕಿವಿ ನೆಟ್ಟಗಾಗುತ್ತದೆ. ಹಾಡಹಗಲಲ್ಲಿ, ಆಟೋ ರಿಕ್ಷಾಗಳ ನಡುವೆ, ಮೂವತ್ತು ದಾಟಿದ ಹೆಂಗಸೊಬ್ಬಳು ಹಲಸಿನ ಹಣ್ಣಿಗೆ ಹೆದರಿ ನಿಂತಿದ್ದಾಳೆ ಎಂದರೆ ಯಾರಾದರೂ ನಕ್ಕಾರು. ನಗಲಿ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಅದು ಮೂಗಿಗೆ ಬಿದ್ದೊಡನೆ ಈಗ ಇಲ್ಲದವರೆಲ್ಲ ಬಂದು ಅವರವರ ಜಾಗದಲ್ಲಿ ಕೂತುಬಿಡುತ್ತಾರೆ.

ಅಮ್ಮನ ತವರು ನೆರಿಯ ಎಂಬ ಹಳ್ಳಿಯಲ್ಲಿ. ಬೇಸಿಗೆ ರಜೆ ಬಂತೆಂದರೆ ಬಂಟ್ವಾಳದ ನಮ್ಮ ಬಾಡಿಗೆ ಮನೆಗೆ ಬೀಗ ಹಾಕಿ ಅಮ್ಮನೂ ನಾನೂ ಅಲ್ಲಿಗೆ ಹೋಗುತ್ತಿದ್ದೆವು. ಮನೆಯ ಹಿಂದೆಯೇ ಗುಡ್ಡ, ಗುಡ್ಡದ ಹಿಂದೆ ಕಾಡು, ಕಾಡಿನ ಹಿಂದೆ ಘಟ್ಟ. ಕಾಡಿನ ಕಡೆಯಿಂದ ಏನೇ ಕೂಗಿದರೂ ನಾನು ಅಜ್ಜಿಯ ಸೆರಗಿನೊಳಗೆ. ಹುಟ್ಟಾ ಪುಕ್ಕಲಿ ನಾನು. ಜಿರಳೆಯ ಹೆದರಿಕೆ, ಗುಡುಗಿನ ಹೆದರಿಕೆ, ಕೋಣೆಯ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಭತ್ತದ ಕಣಜದ ಹೆದರಿಕೆ. ಇವೆಲ್ಲಕ್ಕಿಂತ ಹೆಚ್ಚು ಅಪ್ಪನ ಹೆದರಿಕೆ. ಅವರು ಹೊಡೆಯುವುದಿರಲಿ, ಗದರುವವರೂ ಅಲ್ಲ. ಮಸ್ಕತ್ತಿನಲ್ಲಿ ಕೆಲಸ, ಎರಡು ವರ್ಷಕ್ಕೊಮ್ಮೆ ಅತ್ತರಿನ ವಾಸನೆಯೊಂದಿಗೆ ಬಂದಿಳಿಯುವ ಆ ಗಂಡಸಿನ ಹತ್ತಿರ ಹೋಗಿ ಮಾತನಾಡುವುದು ಹೇಗೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಅಮ್ಮ ಮುಂದೆ ತಳ್ಳಿದರೆ ಬಾಗಿಲ ಸಂದಿಗೆ ಸೇರಿಕೊಳ್ಳುತ್ತಿದ್ದೆ. ಅವರು ಚಾಕಲೇಟಿನ ಡಬ್ಬ ಹಿಡಿದುಕೊಂಡು, ಬಸ್ಸು ತಪ್ಪಿದವರ ಹಾಗೆ ಅಂಗಳದಲ್ಲಿ ನಿಂತೇ ಇರುತ್ತಿದ್ದರು. ನನಗೆ ಸ್ವಲ್ಪ ಸಲುಗೆ ಬರುವಷ್ಟರಲ್ಲಿ ಅವರ ರಜೆ ಮುಗಿಯುತ್ತಿತ್ತು.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಪ್ಪನಿಗೆ ಮೇ ತಿಂಗಳ ರಜೆ ಸಿಕ್ಕಿತು. ಅದುವರೆಗೆ ಅವರ ರಜೆಯೆಲ್ಲ ಬಿದ್ದದ್ದು ಮಳೆಗಾಲಕ್ಕೋ ಚಳಿಗೋ. ಇದು ಅಜ್ಜಿಗೆ ದೊಡ್ಡ ಕೊರಗಾಗಿತ್ತು. ಯಾಕೆಂದರೆ ಬಾವಿಕಟ್ಟೆಯ ಪಕ್ಕದ, ಗಟ್ಟಿ ಸೊಳೆಯ ಬಕ್ಕೆ ಹಲಸಿನ ಮೊದಲ ಹಣ್ಣು ಅಳಿಯನಿಗೆ ಎಂಬುದು ಆ ಮನೆಯ ಕಟ್ಟಲೆ. ಅಳಿಯ ಕೈಯಾರೆ ಕೊರೆದು ಮೊದಲ ಸೊಳೆ ಬಾಯಿಗಿಟ್ಟ ಮೇಲೆಯೇ ಉಳಿದವರು ಆ ಮರದ ಹಣ್ಣು ಮುಟ್ಟಬೇಕು. ಅಳಿಯ ಊರಲ್ಲಿಲ್ಲದ ವರ್ಷಗಳಲ್ಲಿ ಅಜ್ಜಿ ಅವರ ಪಾಲಿನ ಹಣ್ಣನ್ನು ಮರದಲ್ಲೇ ಬಿಡುತ್ತಿದ್ದರು. ಅದು ಕೊಳೆತು ಬಿದ್ದ ಮೇಲೆ ಬೇರೆಯವನ್ನು ಕೊಯ್ಯಲು ಅಪ್ಪಣೆ. ಈ ಸಲ ಅಳಿಯನೂ ಇದ್ದಾನೆ, ಹಣ್ಣೂ ಬೆಳೆದಿದೆ. ದಿನಾ ಬೆಳಿಗ್ಗೆ ಅಜ್ಜಿ ಅಟ್ಟದ ಕೆಳಗೆ ಗೋಣಿ ಹೊದೆಸಿಟ್ಟ ಹಣ್ಣನ್ನು ಬೆರಳಿನಿಂದ ಒತ್ತಿ ನೋಡುವುದು, "ಇನ್ನೂ ಆಗಲಿಲ್ಲ" ಎನ್ನುವುದು ನಡೆದಿತ್ತು.

ಅದೇ ಸಮಯಕ್ಕೆ ಅಪ್ಪನ ತಲೆಗೆ ಬೇರೊಂದು ಯೋಚನೆ ಹೊಕ್ಕಿತು. ಅವರು ಮಸ್ಕತ್ತಿನಿಂದ ಒಂದು ಡೇರೆ ತಂದಿದ್ದರು. ಅಲ್ಲಿ ಶುಕ್ರವಾರದ ರಜೆಗೆ ಜೊತೆಯ ಕೆಲಸಗಾರರೆಲ್ಲ ಮರಳುಗಾಡಿಗೆ ಹೋಗಿ ಡೇರೆ ಹಾಕಿ ಮಲಗುತ್ತಾರಂತೆ. "ಇಲ್ಲಿ ನಮ್ಮದೇ ಘಟ್ಟ ಉಂಟು. ಒಂದು ದಿನ ನಾವೂ ಹೋಗಿ ಇರುವ" ಅಂದರು. ಅಮ್ಮನ ತಮ್ಮ, ನನ್ನ ಮಾಮ, ಆ ಗುಡ್ಡದಲ್ಲೇ ದನ ಹುಡುಕುತ್ತಾ ಬೆಳೆದವನು. ಒಂದೇ ಮಾತಿಗೆ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಉಪದೇಶ ಶುರು ಮಾಡಿದ. "ಬೊಬ್ಬೆ ಹಾಕಬಾರದು. ಆನೆಯ ಹೆಸರು ಹೇಳಬಾರದು, ದೊಡ್ಡವರು ಅನ್ನಬೇಕು. ತಿನ್ನಲಿಕ್ಕೆ ಗಂಜಿ, ಉಪ್ಪಿನಕಾಯಿ ಸಾಕು. ಪರಿಮಳ ಬರುವಂಥದ್ದು ಎಂತದೂ ಬೇಡ ಬಾವ." ಹೊರಡುವ ದಿನ ಬೆಳಿಗ್ಗೆ ಅಜ್ಜಿ ಗೋಣಿ ಎತ್ತಿ ನೋಡಿದರು, ಹಣ್ಣು ಆಗಿತ್ತು. "ನಾಳೆಗೆ ಇದು ಹೋಯ್ತು" ಎಂದು ಅಳುವ ಮುಖ ಮಾಡಿದರು. ಅಷ್ಟು ವರ್ಷ ಕಾದ ಅತ್ತೆಯ ಮಾತು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ, ಮನೆಯಲ್ಲಿ ಉಳಿದು ತಿಂದು ಹೊರಟರೆ ಬಿಸಿಲೇರುತ್ತದೆ ಎಂದು ಮಾಮನ ಅವಸರ. ಕೊನೆಗೆ ಆ ಉದ್ದನೆಯ ಸಣ್ಣ ಹಣ್ಣು, ಪರಿಮಳ ಹೊರಬಾರದಂತೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ಡೇರೆಯ ಚೀಲದೊಳಗೆ ಹೋಯಿತು. ಮಾಮನನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಿತ್ತು. ಅಮ್ಮ ಅಲ್ಲೇ ಹುಟ್ಟಿ ಬೆಳೆದವಳು, ಹಲಸೆಂದರೆ ಆನೆ ಎಷ್ಟು ದೂರದಿಂದ ಬರುತ್ತದೆ ಎಂದು ತಿಳಿಯದವಳಲ್ಲ. ಆದರೆ ಗಂಡ ತನ್ನ ತವರಿನ ಹಣ್ಣು ತಿನ್ನುವುದನ್ನು ನೋಡುವ ಆಸೆಯ ಮುಂದೆ ಅವಳಿಗೆ ಆನೆಯೂ ಚಿಕ್ಕದಾಗಿ ಕಂಡಿರಬೇಕು.

ಹತ್ತುವ ದಾರಿಯುದ್ದಕ್ಕೂ ಅಪ್ಪ ಮಗುವಾಗಿಬಿಟ್ಟರು. ಮರದ ತುದಿಯಲ್ಲಿ ಕೆಂದಳಿಲು ಬಾಲ ಇಳಿಬಿಟ್ಟು ಕೂತಿದ್ದರೆ ಅಲ್ಲೇ ನಿಂತು ಕ್ಯಾಮೆರಾ ತೆಗೆಯುವರು. ತಲೆಯ ಮೇಲೆ ಯಾರೋ ದೊಡ್ಡ ಬೀಸಣಿಗೆ ಬೀಸಿದಂಥ ಸದ್ದು ಬಂತು, ನಾನು ಕೂತುಬಿಟ್ಟೆ. ಮಂಗಟ್ಟೆ ಹಕ್ಕಿಯ ಜೋಡಿ, ಹಳದಿ ಕೊಕ್ಕು ಮುಂದೆ ಮಾಡಿ ಕಣಿವೆ ದಾಟುತ್ತಿತ್ತು. ಸಿಂಗಳೀಕಗಳ ಹಿಂಡೊಂದು ಎಲೆಗಳ ನಡುವಿನಿಂದ ಬಿಳಿಗಡ್ಡದ ಮುದುಕರಂತೆ ನಮ್ಮನ್ನು ನೋಡಿ, ಸಾಕೆನಿಸಿದ ಮೇಲೆ ಹೋಯಿತು. ಹುಲ್ಲಿನ ಇಳಿಜಾರಿನಲ್ಲಿ ಕಪ್ಪು ಬಂಡೆಯೆಂದುಕೊಂಡದ್ದು ತಲೆ ಎತ್ತಿತು: ಕಾಟಿ. ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಹಾಕಿದ ಹಾಗಿದ್ದ ಆ ಕಾಡುಕೋಣ ಮೂಗಿನಿಂದ ಗಾಳಿ ಬಿಟ್ಟದ್ದು ನನ್ನ ಹೊಟ್ಟೆಯೊಳಗೆ ಕೇಳಿಸಿತು. "ಹೆದರ್ಬೇಡ ಮಗಾ, ಅದಕ್ಕೆ ನಮ್ಮದು ಎಂತದೂ ಬೇಡ" ಅಂದ ಮಾಮ. ಆದರೂ ಅವನು ನನ್ನ ಕೈಯನ್ನು ಬಿಗಿಯಾಗಿ ಹಿಡಿದದ್ದು ನನಗೆ ತಿಳಿಯಿತು. ನಡುನಡುವೆ ಅಪ್ಪನ ಹೆಗಲು ನೋಡಿ "ಈ ಡೇರೆ ಕಬ್ಬಿಣದ್ದಾ ಮಾರಾಯ್ರೆ?" ಎಂದು ಕೇಳುವನು. ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುವಳು.

ನಾವು ತಂಗಿದ್ದು ಒಂದು ಪಾದೆಯ ಮೇಲೆ. ಹಾಸುಬಂಡೆಗೆ ನಮ್ಮ ಕಡೆ ಹಾಗೆ ಹೇಳುವುದು. ನಾಲ್ಕೈದು ಗದ್ದೆಯಷ್ಟು ಅಗಲದ ಕರಿಕಲ್ಲು, ಅದರ ಒಂದು ಬದಿಯಲ್ಲಿ ಒಂದಕ್ಕೊಂದು ಒರಗಿದ ಎರಡು ದೊಡ್ಡ ಬಂಡೆ, ನಡುವೆ ಮನುಷ್ಯರು ಅಡ್ಡಡ್ಡ ನುಗ್ಗುವಷ್ಟು ಬಿರುಕು. ಮರಳಿಗೆಂದು ಮಾಡಿದ ಡೇರೆಯ ಗೂಟ ಕಲ್ಲಿಗೆ ಇಳಿಯುವುದುಂಟೇ? ಅಪ್ಪ ಬೆವರಿ, ಕೊನೆಗೆ ನಾಲ್ಕು ಮೂಲೆಗೂ ಕಲ್ಲು ಹೇರಿ ಒಂದು ಆಕಾರಕ್ಕೆ ತಂದರು. ಹೊತ್ತು ಇಳಿಯುತ್ತಿತ್ತು. ಮಾಮ ನೀರು ತರಲು ಕೆಳಗಿನ ತೊರೆಗೆ ಹೋದ. ಅವನ ಬೆನ್ನು ಮರೆಯಾದದ್ದೇ ಅಪ್ಪ ಬಂಡೆಯ ನೆರಳಿನಲ್ಲಿ ಕೂತು, ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ, ಹಣ್ಣನ್ನು ಕೊರೆದರು. ಬಂಗಾರದ ಬಣ್ಣದ ದಪ್ಪ ಸೊಳೆ. ಮೊದಲನೆಯದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಗಲ್ಲದಿಂದ ರಸ ಇಳಿದರೂ ಒರೆಸಿಕೊಳ್ಳಲಿಲ್ಲ. ಎರಡನೆಯದನ್ನು ನನ್ನತ್ತ ಚಾಚಿದರು. ನಾನು ಬಾಗಿಲಿಲ್ಲದ ಆ ಬಯಲಿನಲ್ಲಿ ಎಲ್ಲಿ ಅಡಗಲಿ? ಹತ್ತಿರ ಹೋಗಿ ತೆಗೆದುಕೊಂಡೆ. ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು, ಮತ್ತೊಂದು ಎಂದು ಕೊಡುತ್ತಲೇ ಹೋದರು.

ಮಾಮ ನೀರಿನ ಕ್ಯಾನು ಹೊತ್ತು ಬಂದವನು ಪಾದೆಯ ಅಂಚಿನಲ್ಲೇ ನಿಂತ. ಗಾಳಿ ಮೂಸಿದ. ಅವನ ಮುಖದಲ್ಲಿ ಅಂಥ ಬಣ್ಣ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಎಂತ ಮಾಡಿದ್ರಿ ಬಾವ ನೀವು? ಅಲ್ಲಿ ತೊರೆಯ ಹತ್ತಿರ ಲದ್ದಿ ಹಸಿ ಉಂಟು" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಕೆಳಗೆ ಬಿದಿರು ಮುರಿಯಿತು. ಒಂದೇ ಸಲ, ಲಟ್ ಎಂದು. ಆಮೇಲೆ ಹುಲ್ಲಿನ ಮೇಲುಗಡೆ ಒಂದು ಬೂದು ಹಣೆ, ನಿಧಾನ ಬೀಸುವ ಕಿವಿ. ಒಂಟಿ ಸಲಗ. ಸೊಂಡಿಲು ಎತ್ತಿ ನಮ್ಮ ಕಡೆಗೆ ತಿರುಗಿಸಿತು. ಮಾಮ ನನ್ನನ್ನೂ ಅಮ್ಮನನ್ನೂ ಬಂಡೆಯ ಬಿರುಕಿನೊಳಗೆ ನೂಕಿದ. "ನೀವೂ ಬನ್ನಿ, ಹಣ್ಣು ಅಲ್ಲೇ ಬಿಡಿ" ಎಂದ. ಹಣ್ಣು ಇದ್ದದ್ದು ಬಿರುಕಿನ ಬಾಯಿಯಲ್ಲೇ. ಅದನ್ನು ತಿನ್ನಲು ಬಂದರೆ ಸೊಂಡಿಲು ಒಳಗೆ ನಮ್ಮವರೆಗೂ ಎಟಕುತ್ತದೆ. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. "ತಂದದ್ದು ನಾನಲ್ವಾ" ಅಂದರು. ಎರಡು ಹೋಳನ್ನೂ ಹೆಗಲ ಮೇಲಿನ ಬೈರಾಸಿನಲ್ಲಿ ಕಟ್ಟಿ ಎದೆಗೆ ಒತ್ತಿಕೊಂಡು ಪಾದೆಯ ಆಚೆ ಬದಿಗೆ ಹೊರಟರು. ಮಾಮ ಅಂಗಿ ಹಿಡಿದು ಎಳೆದ. ಅಂಗಿಯ ಗುಂಡಿ ಅವನ ಕೈಯಲ್ಲಿ ಉಳಿಯಿತು.

ಬಿರುಕಿನೊಳಗಿನಿಂದ ನನಗೆ ಕಂಡದ್ದು ಒಂದು ಗೇಣು ಆಕಾಶ, ಒಂದು ಗೇಣು ಕಲ್ಲು, ಅವೆರಡರ ನಡುವೆ ಎದುರಿನ ಘಟ್ಟದ ಒಂದು ಚೂರು. ಆ ಕಲ್ಲಿನ ಮೇಲೆ ಅಪ್ಪ ಓಡದೆ, ತಿರುಗಿ ನೋಡದೆ ನಡೆದು ದಾಟಿದರು. ಸ್ವಲ್ಪ ಹೊತ್ತಿಗೆ ಅದೇ ಕಲ್ಲಿನ ಮೇಲೆ, ಸದ್ದೇ ಇಲ್ಲದೆ, ಆನೆ ದಾಟಿತು. ಅಷ್ಟು ದೊಡ್ಡ ಪ್ರಾಣಿಗೆ ಹೆಜ್ಜೆಯ ಸದ್ದಿಲ್ಲ ಎಂಬುದನ್ನು ನಾನು ಇವತ್ತಿಗೂ ನಂಬಲಾರೆ. ಅಮ್ಮನ ಅಂಗೈ ನನ್ನ ಬಾಯಿಯ ಮೇಲಿತ್ತು. ದೂರದಲ್ಲಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸುಗಳ ದೀಪ ಹೊತ್ತಿಕೊಳ್ಳತೊಡಗಿದವು. ಅಷ್ಟು ಜನ ಅಲ್ಲಿ ಕೂತು ಹೋಗುತ್ತಿದ್ದಾರೆ, ಒಬ್ಬರಿಗೂ ನಮ್ಮ ವಿಷಯ ಗೊತ್ತಿಲ್ಲ. ಆಮೇಲೆ ಪಾದೆಯ ಆಚೆಯಿಂದ ಜಗಿಯುವ ಸದ್ದು ಬಂತು. ಏನನ್ನು ಜಗಿಯುತ್ತಿದೆ ಎಂದು ಯಾರು ಹೇಳಬೇಕು? ನಾನು ಅಪ್ಪನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಬಂಟ್ವಾಳದ ಗೋಡೆಯ ಮೇಲಿನ ಫೋಟೋ ಮಾತ್ರ ಬಂತು, ಕೂಲಿಂಗ್ ಗ್ಲಾಸ್ ಹಾಕಿಕೊಂಡದ್ದು, ಕಣ್ಣು ಕಾಣದ್ದು. ಇಷ್ಟು ದಿನ ಅವರನ್ನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎಂದು ದುಃಖ ಒತ್ತರಿಸಿ ಬಂತು. ಹೆದರಿಕೆ ಎಂಬುದು ಒಂದು ಹಗ್ಗ, ಅದರ ಇನ್ನೊಂದು ತುದಿಯಲ್ಲಿ ಅಪ್ಪ ಇದ್ದಾರೆ, ಒಂದು ಗಳಿಗೆ ಸಡಿಲ ಬಿಟ್ಟರೂ ಅವರು ಬರುವುದಿಲ್ಲ ಎಂದು ನನಗೆ ಹೇಗೋ ಅನ್ನಿಸಿಬಿಟ್ಟಿತು. ಹಲ್ಲು ಕಚ್ಚಿ, ಬಿಡದೆ, ಪೂರ್ತಿ ಮನಸ್ಸಿನಿಂದ ಹೆದರಿದೆ.

ಬೆಳಕು ಇನ್ನೇನು ಆರಬೇಕು, ಮೇಲಿನ ಬದಿಯಿಂದ ತರಗೆಲೆ ಸರಿಯಿತು. ಮಾಮ ಕತ್ತಿ ಎತ್ತಿದ. ಬಿರುಕಿಗೆ ಮೊದಲು ಬಂದದ್ದು ಒಂದು ಬರಿಗಾಲು, ಆಮೇಲೆ ಚಪ್ಪಲಿಯಿದ್ದ ಇನ್ನೊಂದು ಕಾಲು. ಹಣ್ಣನ್ನು ಹುಲ್ಲಿನಂಚಿನಲ್ಲಿಟ್ಟು, ಬಂಡೆಯ ಹಿಂದಿನಿಂದ ತೆವಳಿ, ಇಡೀ ಪಾದೆಯನ್ನು ಸುತ್ತು ಹಾಕಿ ಅಪ್ಪ ಬಂದಿದ್ದರು. ಒಳಗೆ ನುಗ್ಗಿದವರೇ ಕುಸಿದು ಕೂತರು. ಅಮ್ಮ ಅವರ ಎದೆಗೆ ಎರಡು ಕೈಯಿಂದಲೂ ಗುದ್ದಿದಳು, ಆಮೇಲೆ ಅದೇ ಎದೆಗೆ ಮುಖ ಒತ್ತಿ ಅತ್ತಳು. ಅಪ್ಪನ ಕೈ ಗಡಗಡ ನಡುಗುತ್ತಿತ್ತು. ದೊಡ್ಡವರಿಗೂ ಹೆದರಿಕೆಯಾಗುತ್ತದೆ ಎಂದು ಆ ಕೈ ನೋಡಿಯೇ ನಾನು ತಿಳಿದದ್ದು. ನಾನು ಹೋಗಿ ಅವರ ಮಡಿಲಲ್ಲಿ ಕೂತೆ, ಯಾರೂ ತಳ್ಳದೆ. ಬೆಳಗಾಗುವವರೆಗೆ ಯಾರೂ ಅಲ್ಲಿಂದ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಮಾಮ ಮೆಲ್ಲಗೆ, "ಚೀಲದಲ್ಲಿ ಇನ್ನೊಂದು ಉಂಟಾ ಬಾವ?" ಎಂದು ಕೇಳಿದ್ದಕ್ಕೆ ಅಪ್ಪ ಸದ್ದಿಲ್ಲದೆ ನಕ್ಕರು, ಆ ನಗು ನನ್ನ ಬೆನ್ನಿಗೆ ತಿಳಿಯಿತು. ಮರುದಿನ ಮನೆಯಲ್ಲಿ ಅಜ್ಜಿ ಕೇಳಿದರು, "ಹಣ್ಣು ಹೇಗಿತ್ತು?" ಅಪ್ಪ ಹೇಳಿದರು, "ಸಿಹಿ ಇತ್ತು ಅತ್ತೆ. ಒಂದು ಬೀಜ ಸಹ ಉಳಿಯಲಿಲ್ಲ." ಅಜ್ಜಿಗೆ ಜನ್ಮ ಸಾರ್ಥಕವಾಯಿತು.

ಆ ಮನೆ ಈಗಿಲ್ಲ. ಅಜ್ಜಿ ಹೋದ ಮೇಲೆ ಪಾಲಾಯಿತು, ಹೆಂಚು ಇಳಿಸಿದರು, ಅಂಗಳವಿದ್ದಲ್ಲಿ ರಬ್ಬರ್ ತೋಟ ಎದ್ದಿದೆ. ಮಾಮ ಬೆಳ್ತಂಗಡಿಯಲ್ಲಿದ್ದಾನೆ, ಮಂಡಿ ನೋವು, ಗುಡ್ಡದ ಮಾತೆತ್ತಿದರೆ ಎಣ್ಣೆ ತಂದು ಮಂಡಿ ತಿಕ್ಕಲು ಕೂರುತ್ತಾನೆ. ನಾನು ಮಾತ್ರ ಆ ಸಂಜೆ ಕಲಿತದ್ದನ್ನು ಎಷ್ಟೋ ವರ್ಷ ಬಿಡಲಿಲ್ಲ. ಅಪ್ಪ ಮತ್ತೆ ಮಸ್ಕತ್ತಿಗೆ ಹೊರಟಾಗ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರು ಮರೆಯಾಗುವುದನ್ನೇ ನೋಡುತ್ತಾ, ಆವತ್ತಿನ ಹಾಗೆಯೇ ಹಲ್ಲು ಕಚ್ಚಿ ಹೆದರಿದೆ. ಅವರು ಬಂದರು. ಪ್ರತಿ ಸಲ ಹೆದರಿದೆ, ಪ್ರತಿ ಸಲ ಬಂದರು. ಕಾಲೇಜಿಗೆ ಹೋಗುವಾಗಲೂ, ಮದುವೆಯಾಗಿ ಮೂಡುಬಿದಿರೆಗೆ ಬಂದ ಮೇಲೂ, ಅವರು ದೂರದಲ್ಲಿರುವ ದಿನಗಳಲ್ಲಿ ಮಲಗುವ ಮೊದಲು ಸ್ವಲ್ಪ ಹೆದರಿಕೊಳ್ಳುವುದು ನನಗೆ ದೇವರಿಗೆ ದೀಪ ಇಟ್ಟ ಹಾಗೆ. ಕೊನೆಗೆ ಅವರು ಕೆಲಸ ಬಿಟ್ಟು ಬಂಟ್ವಾಳದಲ್ಲೇ ನೆಲೆಸಿದರು. ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದರು. ನಾನು ನಿಶ್ಚಿಂತಳಾಗಿ, ಹೆದರುವುದನ್ನು ನಿಲ್ಲಿಸಿದೆ.

ಹೋದ ವರ್ಷ ನಾನು ತವರಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಅಪ್ಪ, ಮಾಣಿ ಪೇಟೆಯವರೆಗೆ ಹೋಗಿ ಏನೋ ಸಾಮಾನು ತರುವುದಿದೆ ಎಂದು ಅಂಗಿ ಹಾಕಿಕೊಂಡರು. ಅರ್ಧ ಗಂಟೆಯ ದಾರಿ. ಮಾಣಿಯಲ್ಲಿ ಬಸ್ಸಿನಿಂದ ಇಳಿದವರು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತರಂತೆ, ಎದೆ ಹಿಡಿದುಕೊಂಡರಂತೆ, ಆಸ್ಪತ್ರೆಗೆ ಒಯ್ಯುವ ಮೊದಲೇ ಜೀವ ಹೋಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಬರ್ತೇನೆ ಮಗಾ" ಅಂದಿದ್ದರು. ನಾನು ಬೀನ್ಸ್ ಹೆಚ್ಚುತ್ತಿದ್ದೆ. ತಲೆ ಎತ್ತದೆ "ಹೂಂ" ಅಂದೆ.